ದೇವರ ಭರಣಿಗೆ ಕೂರದ ಮುಚ್ಚಳ

ಒಬ್ಬ ಮಂಡಕ್ಕಿ ಮಾರುವವನು ತನ್ನ ಹೆಂಡತಿ ಎಂಥವಳು ಎಂಬುದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ. ಮುಗಿಸಿದ ಕ್ಷಣದಲ್ಲೇ ಏನಾಯಿತು? ಊಹಿಸಿ ನೋಡೋಣ. ಹೆಂಡತಿ ಲಟ್ಟಣಿಗೆ ತೆಗೆದುಕೊಂಡಳೇ? ಇಲ್ಲ. ಗಂಟುಮೂಟೆ ಕಟ್ಟಿ ತವರಿಗೆ ಹೊರಟಳೇ? ಅದೂ ಇಲ್ಲ. ಇನ್ನೊಮ್ಮೆ ಯೋಚಿಸಿ, ನನಗೇನೂ ಅವಸರವಿಲ್ಲ. ಬಿಟ್ಟುಕೊಟ್ಟಿರಾ? ಸರಿ ಹಾಗಾದರೆ. ಅವಳು ಭರಣಿಯೊಳಗೆ ಹೋದಳು. ಉಪ್ಪಿನಕಾಯಿ ಹಾಕಿಡುತ್ತೇವಲ್ಲ, ಅಂಥ ಭರಣಿ.

ಬಹಳ ಹಿಂದೆ, ಆನೆಗಳು ಮಾತಾಡುವುದನ್ನು ಬಿಟ್ಟು ಇನ್ನೂ ನೂರು ವರ್ಷವೂ ಆಗಿರದಿದ್ದ ಕಾಲದಲ್ಲಿ, ಬಳ್ಳಸಾಗರ ಎಂಬ ರಾಜ್ಯವಿತ್ತು. ಆ ರಾಜ್ಯದ ಜನರಿಗೆ ಒಂದು ಅಭ್ಯಾಸ. ಏನನ್ನೇ ಅಳೆದರೂ ಅಳತೆ ಮುಗಿದ ಮೇಲೆ ಒಂದಿಷ್ಟು ಕೊಸರು ಹಾಕದೆ ಬಿಡುತ್ತಿರಲಿಲ್ಲ. ಸೇರು ರಾಗಿಗೆ ಮೇಲೊಂದು ಹಿಡಿ, ಮೊಳ ಹೂವಿಗೆ ಮೇಲೊಂದು ಗೇಣು. ಹಾಲಿನವಳು ಪಾವು ಅಳೆದು ಮೇಲೊಂದು ತೊಟ್ಟು ಹಾಕದಿದ್ದರೆ ಬೆಕ್ಕು ಕೂಡ ಅವಳ ಮುಖ ನೋಡುತ್ತಿರಲಿಲ್ಲ. ನ್ಯಾಯಸ್ಥಾನದಲ್ಲಿ ಕಳ್ಳನಿಗೆ ಹತ್ತು ಛಡಿಯೇಟು ಎಂದರೆ ಹನ್ನೊಂದು ಬೀಳುತ್ತಿತ್ತು. ಹತ್ತಕ್ಕೇ ನಿಲ್ಲಿಸಿದರೆ ಕಳ್ಳನಿಗೇ ಏನೋ ಅವಮಾನವಾದಂತೆ ಅನಿಸುತ್ತಿತ್ತು.

ಅಲ್ಲೊಬ್ಬ ಮಂಡಕ್ಕಿ ಮಾರುವವನಿದ್ದ, ಸಿರಿಯಣ್ಣ ಅಂತ. ಇಪ್ಪತ್ತೈದರ ಪ್ರಾಯ. ಮದುವೆಯಾಗಿ ಏಳು ತಿಂಗಳು. ಹೆಂಡತಿಯ ಹೆಸರು ಮಲ್ಲಾಜಿ. ಇಬ್ಬರಿಗೂ ದಿನಕ್ಕೊಂದು ಜಗಳ, ಕೊಸರಾಗಿ ಇನ್ನೊಂದು.

ಊರಾಚೆಯ ಗುಡ್ಡದ ಮೇಲೆ ಮುಚ್ಚಳರಾಯ ಎಂಬ ಮಾಂತ್ರಿಕನಿದ್ದ. ಅವನ ವಿದ್ಯೆ ಹೀಗೆ. ಯಾವುದಾದರೂ ವಸ್ತುವನ್ನು ಅದು ಇಂಥದು ಎಂದು ಯಾರಾದರೂ ಹೇಳಬೇಕು. ಹೇಳಿ ಕೊನೆಗೆ ‘ಅಷ್ಟೇ’ ಅನ್ನಬೇಕು. ಅಕ್ಕಪಕ್ಕದಲ್ಲಿ ನಿಂತವರಿಗೆ ಅದಕ್ಕೆ ಸೇರಿಸಲು ಏನೂ ತೋಚಬಾರದು. ಆಗ ಆ ವಸ್ತು ಹೋಗಿ ಅವನ ಭರಣಿಯೊಳಗೆ ಕೂರುತ್ತಿತ್ತು, ಮುಚ್ಚಳ ಟಕ್ ಎಂದು ಮುಚ್ಚಿಕೊಳ್ಳುತ್ತಿತ್ತು. ಹೀಗೆ ಅವನು ಪಟ್ಟದಾನೆಯನ್ನು ಹಿಡಿದಿದ್ದ. ಕೋಗಿಲೆಯ ಕೂಗನ್ನು ಹಿಡಿದಿದ್ದ. ಒಗ್ಗರಣೆಯ ವಾಸನೆಯನ್ನು ಹಿಡಿದಿದ್ದ. ಅಂದಿನಿಂದ ಇಡೀ ರಾಜ್ಯ ಸಾರನ್ನು ಕಣ್ಣಿನಿಂದ ನೋಡಿ ಉಣ್ಣುತ್ತಿತ್ತು. ಆಸ್ಥಾನದ ಪಂಡಿತರೊಬ್ಬರು ದೊರೆಯ ನಗುವಿನ ಬಗ್ಗೆ ದೊಡ್ಡ ಗ್ರಂಥ ಬರೆದು, ಸಭೆಯಲ್ಲಿ ಓದಿ, ಕೊನೆಗೆ ಆ ಮಾತನ್ನೂ ಅಂದುಬಿಟ್ಟರಂತೆ. ಕೇಳುತ್ತಿದ್ದವರೆಲ್ಲ ನಿದ್ದೆಯಲ್ಲಿದ್ದರು, ಸೇರಿಸುವವರು ಯಾರು? ದೊರೆಯ ನಗುವೂ ಭರಣಿ ಸೇರಿತು.

ಒಂದು ದಿನ ಮುಚ್ಚಳರಾಯ ಬಳೆಗಾರನ ವೇಷ ಹಾಕಿಕೊಂಡು ಸಿರಿಯಣ್ಣನ ಬೀದಿಗೆ ಬಂದ. ಆಗ ತಾನೇ ಗಂಡಹೆಂಡಿರ ಬೆಳಗಿನ ಜಗಳ ಮುಗಿದಿತ್ತು, ಕೊಸರು ಬಾಕಿಯಿತ್ತು. ನಿಮ್ಮ ಮನೆಯಾಕೆ ಎಂಥವರಪ್ಪಾ, ಯಾವ ಬಣ್ಣದ ಬಳೆ ಒಪ್ಪೀತು ಎಂದು ಬಳೆಗಾರ ಕೇಳಿದ. ಸಿರಿಯಣ್ಣ ಉರಿಯುತ್ತಿದ್ದ.

“ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯ ತುದಿಯಲ್ಲಿ ಉತ್ತರ. ನನ್ನ ಹೆಂಡತಿ ಅಂದರೆ ಅಷ್ಟೇ.”

ಬೀದಿಯವರು ನಕ್ಕರು. ಜಗುಲಿಯ ಮೇಲಿದ್ದ ಅವನ ತಾಯಿಯೂ ಸುಮ್ಮನಿದ್ದಳು. ಯಾರೂ ಏನನ್ನೂ ಸೇರಿಸಲಿಲ್ಲ. ಟಕ್ ಎಂದಿತು. ಒಳಗೆ ಒಲೆಯ ಮುಂದೆ ಸೌಟು ಬಿದ್ದಿತ್ತು, ಮಲ್ಲಾಜಿ ಇರಲಿಲ್ಲ. ಬೀದಿಯಲ್ಲಿ ಬಳೆಗಾರನೂ ಇರಲಿಲ್ಲ, ಬಂದಿದ್ದವನು ಮುಚ್ಚಳರಾಯನೆಂದು ಆಗ ಎಲ್ಲರಿಗೂ ತಿಳಿಯಿತು.

ಸಿರಿಯಣ್ಣ ಎರಡು ದಿನ ಮಂಡಕ್ಕಿ ಹುರಿಯಲಿಲ್ಲ. ತಾಯಿ ಬಂದು ಎದುರಿಗೆ ಕೂತಳು. “ಊರವರಿಗೆಲ್ಲ ಕೊಸರು ಹಾಕುತ್ತೀಯಲ್ಲೋ, ಕಟ್ಟಿಕೊಂಡವಳಿಗೆ ಒಂದು ಹಿಡಿ ಇರಲಿಲ್ಲವೇನೋ?” ಎಂದಳು. ತಾನೂ ಸುಮ್ಮನಿದ್ದದ್ದನ್ನು ಆಕೆ ಹೇಳಲಿಲ್ಲ. ಆದರೆ ಮಂಡಕ್ಕಿ ಚೀಲ ತುಂಬಿಸಿ ತಾನೇ ಅವನ ಹೆಗಲಿಗೆ ಏರಿಸಿದಳು.

ಸಿರಿಯಣ್ಣ ಗುಡ್ಡ ಹತ್ತಿದ. ಮುಚ್ಚಳರಾಯನ ಕಾಲು ಹಿಡಿದು ಹೆಂಡತಿಯನ್ನು ಬೇಡಿದ. ಮಾಂತ್ರಿಕನ ಮನೆಯ ಗೋಡೆಯುದ್ದಕ್ಕೂ ಸಾವಿರಾರು ಭರಣಿಗಳು, ನಡುವೆ ಒಂದು ದೊಡ್ಡ ಭರಣಿ ಖಾಲಿ. ಅದಕ್ಕೆ ಬೆಳ್ಳಿಯ ಮುಚ್ಚಳ. ಅದನ್ನು ದೇವರಿಗಾಗಿ ಮಾಡಿಸಿಟ್ಟಿದ್ದೇನೆ ಎಂದು ಮುಚ್ಚಳರಾಯ ಬಹಳ ಬೇಸರದಿಂದ ಹೇಳಿಕೊಂಡ. ಒಬ್ಬನಿಂದ ದೇವರು ಹೀಗೆ ಎಂದು ಹೇಳಿಸಿದರೆ ಪಕ್ಕದ ಬೀದಿಯವನು ಬಂದು ಹಾಗಲ್ಲ ಅನ್ನುತ್ತಾನಂತೆ. ಅವನನ್ನು ಒಪ್ಪಿಸಿದರೆ ಅವನ ಮನೆಯವರೇ ಒಪ್ಪುವುದಿಲ್ಲವಂತೆ. ರಾಜ್ಯದಲ್ಲಿ ದೇವರ ವಿಷಯ ಬಲ್ಲವರು ಮೂವರು: ವಾಂಛಾನಾಥ ಶಾಸ್ತ್ರಿಗಳು, ಖಾದರ್ ಮಸ್ತಾನ್ ಫಕೀರರು, ಜೈನ ಸನ್ಯಾಸಿನಿ ಜಿನಮತಿ ಅಮ್ಮನವರು. ಈ ಮೂವರೂ ಒಪ್ಪಿದರೆ ಇಲ್ಲ ಅನ್ನಲು ರಾಜ್ಯದಲ್ಲಿ ಬೇರೆ ಗಂಟಲೇ ಇಲ್ಲ. ಉತ್ತರ ತರಲೆಂದು ಹಿಂದೆಯೇ ಒಬ್ಬರ ಬಳಿಗೆ ಹುಲಿಯನ್ನು ಕಳಿಸಿದ್ದನಂತೆ, ಒಬ್ಬರ ಬಳಿಗೆ ಮೊಸಳೆಯನ್ನು, ಇನ್ನೊಬ್ಬರ ಬಳಿಗೆ ಕರಡಿಯನ್ನು. ಹೋದ ಮೃಗಗಳಲ್ಲಿ ಒಂದೂ ಹಿಂದಿರುಗಿಲ್ಲವಂತೆ.

“ಮೂವರನ್ನೂ ಇಲ್ಲಿಗೆ ಕರೆದುಕೊಂಡು ಬಾ. ಮೂವರಿಗೂ ಒಪ್ಪಿಗೆಯಾಗುವ ಒಂದೇ ಮಾತು ಹೇಳಿಸು. ಕೊನೆಯ ಪದ ನೀನೇ ಹೇಳು. ದೇವರು ಈ ಭರಣಿಗೆ, ನಿನ್ನ ಹೆಂಡತಿ ನಿನ್ನ ಮನೆಗೆ,” ಎಂದ ಮುಚ್ಚಳರಾಯ.

ಸಿರಿಯಣ್ಣ ಮೊದಲು ಬೆಟ್ಟಕ್ಕೆ ಹೋದ. ಅಲ್ಲಿ ಶಾಸ್ತ್ರಿಗಳ ಕುಟೀರದ ಮುಂದೆ ಹೆಬ್ಬುಲಿ ಎರಡೂ ಪಂಜಗಳಿಂದ ಕಿವಿ ಮುಚ್ಚಿಕೊಂಡು ಮಲಗಿತ್ತು. ಸಿರಿಯಣ್ಣ ಕೈಮುಗಿದ. ಒಂದು ಸೇರು ಮಂಡಕ್ಕಿ ಅಳೆದು ಹುಲಿಯ ಮುಂದೆ ಸುರಿದ. ಮೇಲೊಂದು ಹಿಡಿ ಕೊಸರು ಹಾಕಿದ. ಹುಲಿಯ ಕಣ್ಣಲ್ಲಿ ನೀರು ಬಂತು. ಮೂರು ವರ್ಷದ ಹಿಂದೆ ಅದು ಬಂದು, ದೇವರೆಂದರೆ ಏನು ಹೇಳಿ, ಇಲ್ಲದಿದ್ದರೆ ತಿನ್ನುತ್ತೇನೆ ಎಂದು ಗರ್ಜಿಸಿತ್ತಂತೆ. ಶಾಸ್ತ್ರಿಗಳು ಸಂತೋಷದಿಂದ ಮಣೆ ಹಾಕಿ ಕೂರಿಸಿ ದೇವರ ಸಾವಿರ ಹೆಸರುಗಳಲ್ಲಿ ಮೊದಲನೆಯದಕ್ಕೆ ವ್ಯಾಖ್ಯಾನ ಆರಂಭಿಸಿದರಂತೆ. ಈಗ ನಾನೂರ ಹದಿನೇಳನೆಯ ಹೆಸರು ನಡೆಯುತ್ತಿದೆ.

“ತಮ್ಮಾ, ತಿನ್ನುವ ಆಸೆಯೆಲ್ಲ ಹೋಯಿತು. ಇನ್ನು ಎಷ್ಟು ದಿನವಾಗುತ್ತದೆ ಅಂತ ಒಂದು ಮಾತು ಕೇಳಿ ಹೇಳು,” ಎಂದಿತು ಹುಲಿ.

ಶಾಸ್ತ್ರಿಗಳಿಗೆ ಸಿರಿಯಣ್ಣ ಏನನ್ನೂ ಮುಚ್ಚಿಡಲಿಲ್ಲ. ಹೆಂಡತಿಯ ಕತೆ, ಬೆಳ್ಳಿ ಮುಚ್ಚಳದ ಕತೆ, ಎಲ್ಲ ಹೇಳಿದ. ಅವರು ಬಯ್ಯಲಿಲ್ಲ. “ದೇವರು ಭರಣಿಯಲ್ಲಿ ಹಿಡಿಸುವುದಾದರೆ ನಾನು ಇಷ್ಟು ವರ್ಷ ಕಷ್ಟಪಟ್ಟದ್ದು ಯಾಕಯ್ಯಾ? ನಡಿ, ಮೊದಲು ನಿನ್ನ ಹೆಂಡತಿ ಬರಲಿ,” ಎಂದು ಹೆಗಲಿಗೆ ಶಲ್ಯ ಹಾಕಿಕೊಂಡರು. ಹುಲಿ ಹಿಂದೆ ಹೊರಟಿತು. ದಾರಿಯಲ್ಲಿ ನಾನೂರ ಹದಿನೆಂಟನೆಯದು ಶುರುವಾಯಿತು.

ಸಿರಿಯಣ್ಣ ಎರಡನೆಯದಾಗಿ ಕೆರೆಗೆ ಹೋದ. ಕೆರೆಯ ನಡುಗಡ್ಡೆಯಲ್ಲಿ ಫಕೀರರಿದ್ದರು, ದಡದಲ್ಲಿ ಮೊಸಳೆ. ಅದು ಬಾಯಿ ತೆರೆದುಕೊಂಡೇ ಕೂತಿತ್ತು. ಬಾಯೊಳಗೆ ಗುಬ್ಬಚ್ಚಿ ಗೂಡು ಕಟ್ಟಿ ಎರಡು ಸಲ ಮರಿ ಮಾಡಿತ್ತು. ಸಿರಿಯಣ್ಣ ಕೈಮುಗಿದ. ಒಂದು ಸೇರು ಮಂಡಕ್ಕಿ ಅಳೆದು ಮೊಸಳೆಯ ಮುಂದೆ ಸುರಿದ. ಮೇಲೊಂದು ಹಿಡಿ ಕೊಸರನ್ನು ಗುಬ್ಬಿಗೆ ಹಾಕಿದ. ಮೊಸಳೆ ಗೂಡು ಅಲುಗದಂತೆ ಮೆಲ್ಲಗೆ ತನ್ನ ಕಷ್ಟ ಹೇಳಿಕೊಂಡಿತು. ನೀನು ಏನೇನನ್ನು ಮನಸ್ಸಿಗೆ ತಂದುಕೊಳ್ಳಬಲ್ಲೆಯೋ ಅದಾವುದೂ ಅವನಲ್ಲ, ಅವನಂತೆ ಇನ್ನೊಂದಿಲ್ಲ ಎಂದು ಫಕೀರರು ಹೇಳಿದ್ದರಂತೆ. ಅಂದಿನಿಂದ ಮೊಸಳೆ ಯೋಚಿಸುತ್ತಲೇ ಇದೆ.

“ಸೂರ್ಯನಾ ಅಂದೆ, ಅಲ್ಲ ಅಂದರು. ಕೆರೆಯಾ ಅಂದೆ, ಅಲ್ಲ ಅಂದರು. ಇನ್ನು ನನಗೆ ಗೊತ್ತಿರುವುದು ಮೀನು ಮಾತ್ರ. ಕೇಳಲು ನಾಚಿಕೆಯಾಗಿ ಬಾಯಿ ತೆರೆದವನು ಹಾಗೇ ಇದ್ದೇನೆ.”

ಸಿರಿಯಣ್ಣ ದೋಣಿಯಲ್ಲಿ ನಡುಗಡ್ಡೆಗೆ ಹೋದ. ಫಕೀರರು ಅವನ ಕತೆಯೆಲ್ಲ ಕೇಳಿ ಗಡ್ಡ ನೀವಿಕೊಂಡು ಬಹಳ ಹೊತ್ತು ನಕ್ಕರು. “ಬೇಟಾ, ಅವನು ಭರಣಿಗೆ ಬರುವವನಲ್ಲ. ನಿನ್ನ ಬೀಬಿ ಮಾತ್ರ ಪಾಪ, ಅಲ್ಲಿ ಕೂರುವ ಹೆಣ್ಣಲ್ಲ,” ಎಂದು ದೋಣಿ ಹತ್ತಿದರು. ಮೊಸಳೆ ಗೂಡುಸಮೇತ ಹಿಂದೆ ಹೊರಟಿತು.

ಮೂರನೆಯದಾಗಿ ಗವಿಗೆ ಹೋದರು. ಗವಿಯ ಮುಂದೆ ಕರಡಿ ಕೂತಿತ್ತು. ಕರಡಿ ಅಂದರೆ ಕರಡಿಯ ಚರ್ಮ, ಒಳಗೆ ಎಲುಬು. ಸಿರಿಯಣ್ಣ ಕೈಮುಗಿದ. ಒಂದು ಸೇರು ಮಂಡಕ್ಕಿ ಅಳೆದ. ಮೇಲೊಂದು ಹಿಡಿ ಕೊಸರು ಹಾಕಿದ. ಕರಡಿ ಒಂದೊಂದೇ ಕಾಳನ್ನು ಎತ್ತಿ, ಹುಳುವಿದೆಯೇ ಎಂದು ನೋಡಿ ಬಾಯಿಗಿಟ್ಟಿತು. ಲೋಕವನ್ನು ಯಾರೂ ಮಾಡಿದ್ದಲ್ಲ, ಅದು ಇದ್ದೇ ಇದೆ. ತನ್ನ ಕೋಪವನ್ನೂ ಆಸೆಯನ್ನೂ ಗೆದ್ದ ಜೀವವೇ ದೇವರು. ನೀನೂ ಆಗಬಹುದು ಎಂದು ಅಮ್ಮನವರು ಅದಕ್ಕೆ ಹೇಳಿದ್ದರು. ಕರಡಿ ನಂಬಿಬಿಟ್ಟಿತ್ತು.

“ಜೇನು ಬಿಟ್ಟು ಎರಡು ವರ್ಷವಾಯಿತಣ್ಣಾ,” ಎಂದಿತು. “ಆಸೆ ಹೋಗಿಲ್ಲ. ಕೋಪ ಮೊದಲಿಗಿಂತ ಹೆಚ್ಚಾಗಿದೆ.”

ಜಿನಮತಿ ಅಮ್ಮನವರು ಕತೆ ಕೇಳಿ, ಜೀವವನ್ನು ಭರಣಿಯಲ್ಲಿಡುವುದೂ ಒಂದು ಹಿಂಸೆಯೇ ಎಂದು ಹೇಳಿ ಎದ್ದರು. ಆದರೆ ಅವರು ಕಾಲಿಡುವ ಮೊದಲು ನವಿಲುಗರಿಯ ಕುಂಚದಿಂದ ನೆಲ ಸವರಿ, ಇರುವೆಗಳನ್ನು ಬದಿಗೆ ಸರಿಸಿ, ಆಮೇಲೆ ಹೆಜ್ಜೆ ಇಡುವವರು. ಒಂದು ಹಗಲಿನ ದಾರಿ ಐದು ಹಗಲಾಯಿತು. ಶಾಸ್ತ್ರಿಗಳಿಗೂ ಫಕೀರರಿಗೂ ಇದರಿಂದ ಪರಮ ಸಂತೋಷ. ಒಬ್ಬರಿಗೆ ಹೆಸರು ಹೇಳಲು ಹೊತ್ತು ಸಿಕ್ಕಿತು, ಇನ್ನೊಬ್ಬರಿಗೆ ಅಲ್ಲ ಅನ್ನಲು. ಮಂಡಕ್ಕಿಗೆ ಮಡಿಯಿಲ್ಲ ಎಂದು ಶಾಸ್ತ್ರಿಗಳು ದಾರಿಯಲ್ಲೇ ಒಂದು ಹೊಸ ಶಾಸ್ತ್ರ ಮಾಡಿಕೊಂಡು ಫಕೀರರ ಜೋಳಿಗೆಯಿಂದಲೇ ತಿಂದರು. ಸಿರಿಯಣ್ಣನಿಗೆ ಮಾತ್ರ ಒಂದೊಂದು ಇರುವೆಯೂ ಒಂದು ವರ್ಷದಂತೆ ಕಂಡಿತು.

ಅಂತೂ ಎಲ್ಲರೂ ಮುಚ್ಚಳರಾಯನ ಮನೆ ಸೇರಿದರು. ಅವನು ಮಣೆ ಹಾಕಿದ. ಬೆಳ್ಳಿಯ ಮುಚ್ಚಳ ಭರಣಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಗಾಳಿಯಲ್ಲಿ ನಿಂತು ಕಾಯತೊಡಗಿತು.

ಲೋಕವನ್ನು ಸೃಷ್ಟಿಸಿದವನು ದೇವರು ಎಂದರು ಶಾಸ್ತ್ರಿಗಳು. ಮುಚ್ಚಳ ನಾಲ್ಕು ಬೆರಳು ಇಳಿಯಿತು. ಯಾರೂ ಸೃಷ್ಟಿಸಿಲ್ಲ ಎಂದರು ಅಮ್ಮನವರು. ಮುಚ್ಚಳ ಎಗರಿ ತೊಲೆಗೆ ತಾಗಿತು. ಅವನು ಒಬ್ಬನೇ, ಅವನಿಗೆ ರೂಪವಿಲ್ಲ ಎಂದರು ಫಕೀರರು. ಮುಚ್ಚಳ ಇಳಿಯಿತು. ಒಬ್ಬನೇ ಹೌದು, ರೂಪವೂ ಇಲ್ಲ, ಆದರೆ ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಹನ್ನೊಂದು ರೂಪಗಳಿವೆ, ದಿನಾ ಸ್ನಾನ ಮಾಡಿಸುತ್ತೇನೆ ಎಂದರು ಶಾಸ್ತ್ರಿಗಳು. ಮುಚ್ಚಳಕ್ಕೆ ಇಳಿಯಬೇಕೋ ಏರಬೇಕೋ ತಿಳಿಯದೆ ಅಲ್ಲೇ ಗಿರಗಿರನೆ ತಿರುಗಿತು. ಎಲ್ಲವನ್ನೂ ಗೆದ್ದವನು ಎಂದರು ಅಮ್ಮನವರು. ಗೆಲ್ಲಲು ಅವನಿಗೆ ಎದುರಾಳಿ ಯಾರಿದ್ದರು ಎಂದರು ಫಕೀರರು. ಒಬ್ಬರಿಗೆ ಒಪ್ಪದ್ದನ್ನು ಬಿಡುತ್ತಾ ಹೋಗೋಣ ಎಂದು ಮುಚ್ಚಳರಾಯ ಸಲಹೆ ಕೊಟ್ಟ. ಸೃಷ್ಟಿ ಬಿಟ್ಟರು, ರೂಪ ಬಿಟ್ಟರು, ಗೆಲುವು ಬಿಟ್ಟರು. ಕೊನೆಗೆ ‘ಅವನು’ ಒಂದು ಉಳಿಯಿತು. ಆಗ ಹುಲಿ ಎದ್ದು ನಿಂತು, ಮೂರು ವರ್ಷ ಕೇಳಿದ್ದೇನೆ, ಹೆಸರುಗಳಲ್ಲಿ ತಾಯಿ ಅಂತಲೂ ಬಂದಿದೆ, ಅದನ್ನು ಬಿಟ್ಟರೆ ನಾನು ಒಪ್ಪುವುದಿಲ್ಲ ಎಂದಿತು. ‘ಅವನು’ ಎಂಬುದೂ ಹೋಯಿತು.

ಎಲ್ಲರೂ ಸುಸ್ತಾದರು. ಆಗ ಅಮ್ಮನವರು, ಯಾರಿಗೂ ಉತ್ತರ ಕೊಡಬೇಕೆಂದಲ್ಲ, ತಮ್ಮಷ್ಟಕ್ಕೇ ಅಂದುಕೊಂಡಂತೆ ಅಂದರು:

“ಯಾರನ್ನು ನೆನೆದರೆ ನಮ್ಮ ‘ನಾನು’ ಅನ್ನುವುದು ಸಣ್ಣದಾಗುತ್ತದೋ, ಅದು.”

ಶಾಸ್ತ್ರಿಗಳು ಬಾಯಿ ತೆರೆದರು, ಹಾಗೇ ಮುಚ್ಚಿದರು. ಫಕೀರರು ಕಣ್ಣು ಮುಚ್ಚಿ ತಲೆದೂಗಿದರು. ಹುಲಿ, ಮೊಸಳೆ, ಕರಡಿ ಮೂರೂ ಸುಮ್ಮನಾದವು. ಬೆಳ್ಳಿಯ ಮುಚ್ಚಳ ಇಳಿಯಿತು, ಇಳಿಯಿತು, ಭರಣಿಯ ಅಂಚಿಗೆ ಒಂದು ಕೂದಲೆಳೆ ಉಳಿಯಿತು. ಮುಚ್ಚಳರಾಯ ಸಿರಿಯಣ್ಣನ ಭುಜ ಹಿಡಿದು, ಹೇಳು, ಕೊನೆಯ ಪದ ಹೇಳು ಎಂದ.

ಹೇಳಲು ಸಿರಿಯಣ್ಣನಿಗೆ ಮನಸ್ಸಿರಲಿಲ್ಲ ಎಂದುಕೊಳ್ಳಬೇಡಿ. ಮಲ್ಲಾಜಿ ಬರುತ್ತಾಳೆಂದರೆ ಅವನು ಆಕಾಶವನ್ನೂ ಭರಣಿಗೆ ತುಂಬಲು ತಯಾರಿದ್ದ. ಬಾಯಿ ತೆರೆದ. ಆದರೆ ಖಾಲಿಯಿದ್ದ ಭರಣಿ ಅಮ್ಮನವರ ಆ ಮಾತಿನಿಂದ ಅಂಚಿನ ತನಕ ತುಂಬಿ ನಿಂತದ್ದು ಅವನ ಕಣ್ಣಿಗೆ ಬಿತ್ತು. ಹತ್ತು ವರ್ಷ ಅಳೆದ ಕೈ ಅದು, ಯಜಮಾನನನ್ನು ಕೇಳುವ ಕೈಯಲ್ಲ. ತಾನಾಗಿ ಚೀಲಕ್ಕೆ ಹೋಯಿತು, ಒಂದು ಹಿಡಿ ಮಂಡಕ್ಕಿ ತೆಗೆಯಿತು, ಭರಣಿಯ ಮೇಲೆ ಕೊಸರು ಹಾಕಿತು.

ಮಂಡಕ್ಕಿ ಮುಚ್ಚಳಕ್ಕೂ ಅಂಚಿಗೂ ನಡುವೆ ಸಿಕ್ಕಿಕೊಂಡಿತು. ಮೂವರು ಹಿರಿಯರಿಗೂ ಒಮ್ಮೆಲೇ ಎಚ್ಚರವಾಯಿತು. ಹೌದಲ್ಲ, ಕೊಸರು ಬಿಟ್ಟುಹೋಗಿತ್ತು ಎಂದು ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಸಣ್ಣದಾಗುತ್ತದೆ, ಆದರೆ ಅದೇ ಹೊತ್ತಿಗೆ ದೊಡ್ಡದೂ ಆಗುತ್ತದೆ ಎಂದು ಒಬ್ಬರು. ನೆನೆಯದವರ ಜೊತೆಗೂ ಇರುತ್ತಾನೆ ಎಂದು ಒಬ್ಬರು. ಮುಚ್ಚಳ ಚೂರುಚೂರಾಗಿ ಸಿಡಿಯಿತು.

ಮುಚ್ಚಳರಾಯನ ಮುಖ ಬೂದಿಯಾಯಿತು. ನೀನು ಮಾತು ತಪ್ಪಿದೆ, ನಿನ್ನ ಹೆಂಡತಿಯ ಭರಣಿಯನ್ನು ಪಾತಾಳದ ಬಾವಿಗೆ ಹಾಕುತ್ತೇನೆ ಎಂದು ಅದನ್ನು ಎತ್ತಿಕೊಂಡ. ಸಿರಿಯಣ್ಣ ಓಡಿಹೋಗಿ ಭರಣಿಯನ್ನು ತಬ್ಬಿ ಹಿಡಿದ. ಆ ಕಡೆಯಿಂದ ಅವನು ಎಳೆದ, ಈ ಕಡೆಯಿಂದ ಇವನು. ಸೇರಿಸಿದರೆ ಮುಚ್ಚಳ ಏರುತ್ತದೆ ಎಂಬುದನ್ನು ಬೆಳಗಿನಿಂದ ನೋಡಿದ್ದನಲ್ಲ, ಸಿರಿಯಣ್ಣ ಭರಣಿಯ ಕಿವಿಗೆ ಬಾಯಿಟ್ಟು ಹೇಳತೊಡಗಿದ. ಅವಳು ಕೋಪ ಬಂದ ದಿನ ಮಂಡಕ್ಕಿಯನ್ನು ಅಳೆಯುವುದೇ ಇಲ್ಲ, ಮೊರದಲ್ಲೇ ಕೊಟ್ಟುಬಿಡುತ್ತಾಳೆ ಎಂದ. ಮುಚ್ಚಳ ಸ್ವಲ್ಪ ಎದ್ದಿತು. ನನ್ನ ತಾಯಿಗೆ ಹಲ್ಲು ನೋವಾದಾಗ ಬಯ್ಯುತ್ತಲೇ ರೊಟ್ಟಿಯನ್ನು ಹಾಲಲ್ಲಿ ನೆನೆಸಿಕೊಟ್ಟಳು ಎಂದ. ಇನ್ನೂ ಸ್ವಲ್ಪ ಎದ್ದಿತು. ಆಮೇಲೆ ಏನೂ ತೋಚಲಿಲ್ಲ. ಏಳು ತಿಂಗಳಲ್ಲಿ ನೋಡಿದ್ದು ಅಷ್ಟರಲ್ಲೇ ಮುಗಿದಿತ್ತು. ಮುಚ್ಚಳ ಮತ್ತೆ ಇಳಿಯತೊಡಗಿತು.

“ಇನ್ನೂ ಹೇಳಿ,” ಎಂದಿತು ಒಳಗಿನಿಂದ ಮಲ್ಲಾಜಿಯ ದನಿ.

ಸಿರಿಯಣ್ಣ ಭರಣಿಯನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡ. “ಇನ್ನು ನನಗೆ ಗೊತ್ತಿಲ್ಲ ಮಲ್ಲಾಜಿ. ನಿನ್ನಲ್ಲಿ ನನಗೆ ಗೊತ್ತಿಲ್ಲದ್ದೇ ಜಾಸ್ತಿ ಇದೆ,” ಎಂದ.

ಮುಚ್ಚಳ ಹಾರಿ ಮಾಡಿನ ಹೆಂಚು ಒಡೆದು ಹೊರಗೆ ಹೋಯಿತು. ಮಲ್ಲಾಜಿ ಸೀರೆ ಕೊಡವಿಕೊಂಡು ಎದ್ದು ನಿಂತಳು.

ಫಕೀರರು ಶಾಸ್ತ್ರಿಗಳ ಮುಖ ನೋಡಿದರು. “ಶಾಸ್ತ್ರೀಜಿ, ಬೆಳಗಿನಿಂದ ನಾವು ಮೂವರೂ ಹೇಳಲು ಒದ್ದಾಡಿದ್ದು ಇದೇ ಮಾತಲ್ಲವೇ?” ಎಂದರು. ಶಾಸ್ತ್ರಿಗಳು, ಹೌದು, ಆದರೆ ಇಷ್ಟು ಚಿಕ್ಕದಾಗಿ ಹೇಳಿದರೆ ನಮ್ಮನ್ನು ಯಾರು ಕೇಳುತ್ತಾರೆ ಎಂದರು.

ಮಲ್ಲಾಜಿಗೆ ಇದಾವುದೂ ಬೇಕಿರಲಿಲ್ಲ. ಸಾರು ಒಲೆಯ ಮೇಲಿತ್ತು, ಇಳಿಸಿದ್ದೀರಾ ಎಂದು ಮೊದಲು ಗಂಡನನ್ನು ವಿಚಾರಿಸಿಕೊಂಡಳು. ಆಮೇಲೆ ಮಾಂತ್ರಿಕನ ಕಡೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟು, “ಊರವರನ್ನೆಲ್ಲ ಎಂಥವರು ಎಂಥವರು ಅಂತ ಕೇಳಿಕೊಂಡು ತಿರುಗುತ್ತೀಯಲ್ಲ, ನೀನು ಎಂಥವನೋ?” ಎಂದಳು.

ಅವನು ಸಿಟ್ಟಿನಲ್ಲಿದ್ದ, ಯೋಚಿಸಲಿಲ್ಲ. “ನಾನು ಮುಚ್ಚಳ ಮುಚ್ಚುವವನು, ಅಷ್ಟೇ,” ಎಂದ.

ಆ ಹೊತ್ತಿಗೆ ಅಲ್ಲಿದ್ದ ಯಾರಿಗೂ ಅದಕ್ಕೆ ಸೇರಿಸಲು ಏನೂ ತೋಚಲಿಲ್ಲ. ಟಕ್ ಎಂದಿತು.

ಆಮೇಲಿನದು ಹಬ್ಬ. ಊರಿಗೆ ಊರೇ ಗುಡ್ಡ ಹತ್ತಿ ಬಂದು ಒಂದೊಂದು ಭರಣಿಗೂ ಕೊಸರು ಹೇಳಿತು. ಪಟ್ಟದಾನೆಗೆ ಕಬ್ಬಿಗಿಂತ ಹಲಸು ಇಷ್ಟವೆಂದು ಮಾವುತ ಹೇಳಿದ, ಆನೆ ಹೊರಗೆ ಬಂತು. ಕೋಗಿಲೆಯ ಕೂಗು ಬಂತು. ಒಗ್ಗರಣೆಯ ವಾಸನೆ ಬಂದದ್ದೇ ತಡ ಇಡೀ ರಾಜ್ಯಕ್ಕೆ ಹಸಿವಾಯಿತು. ದೊರೆಯ ನಗುವಿನ ಭರಣಿ ತೆರೆದಾಗ ದೊರೆ ಗಂಭೀರವಾದ ರಾಜಶಾಸನವೊಂದನ್ನು ಓದುತ್ತಿದ್ದ. ಆ ಶಾಸನ ಇವತ್ತಿಗೂ ಜಾರಿಗೆ ಬಂದಿಲ್ಲ.

ಮುಚ್ಚಳರಾಯನ ಭರಣಿಯನ್ನು ಸಮುದ್ರಕ್ಕೆ ಎಸೆಯಿರಿ ಎಂದು ದೊರೆ ಅಂದಾಗ ಅಮ್ಮನವರು ತಡೆದರು. ನಾವು ಬಂದಾಗ ಕೂರಲು ಮಣೆ ಹಾಕಿದ್ದ ಎಂದರು. ಭರಣಿಗಳ ಮೇಲೆ ಒಂದು ಚೂರೂ ಧೂಳಿರಲಿಲ್ಲ, ಶುಚಿಯಾದ ಮನುಷ್ಯ ಎಂದರು ಫಕೀರರು. ಶಾಸ್ತ್ರಿಗಳು ಅವನ ಒಳ್ಳೆಯ ಗುಣಗಳ ಬಗ್ಗೆ ಮೂರು ಗಳಿಗೆ ಮಾತಾಡಿದರು. ಎರಡನೆಯ ಗಳಿಗೆಗೇ ಮುಚ್ಚಳರಾಯ ತಾನಾಗಿ ಹೊರಗೆ ಬಂದು, ಸಾಕು ಸ್ವಾಮಿ ಎಂದು ಕಾಲಿಗೆ ಬಿದ್ದ. ಖಾಲಿ ಭರಣಿಗಳು ಸಾವಿರಾರು ಇದ್ದವಲ್ಲ, ಉಪ್ಪಿನಕಾಯಿ ಹಾಕಿ ಮಾರತೊಡಗಿದ. ಮಾವಿನಮಿಡಿ, ಅಮಟೆ, ನಿಂಬೆ. ಕರಡಿ ಮತ್ತೆ ಜೇನು ಶುರುಮಾಡಿ ಮೈ ತುಂಬಿಕೊಂಡಿತು, ಕೋಪವೂ ಇಳಿಯಿತು. ಹುಲಿ ಮಾತ್ರ ಸ್ವಲ್ಪ ದಿನ ಸುಮ್ಮನಿದ್ದು, ಒಂದು ಬೆಳಗ್ಗೆ ಶಾಸ್ತ್ರಿಗಳ ಮನೆಗೆ ಹೋಗಿ, ಅದು, ಆಮೇಲಿನ ಹೆಸರು ಯಾವುದು ಎಂದು ಕೇಳಿತು. ಸಿರಿಯಣ್ಣನೂ ಮಲ್ಲಾಜಿಯೂ ಸುಖವಾಗಿದ್ದರು. ಜಗಳ ನಿಲ್ಲಲಿಲ್ಲ, ಆದರೆ ಜಗಳದ ನಡುವೆ ಅವನು ಆಗಾಗ ಮಾತು ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದ, ಆಗ ಅವಳಿಗೇ ನಗು ಬಂದುಬಿಡುತ್ತಿತ್ತು.

ಆ ಮೂವರು ಹಿರಿಯರು ಬದುಕಿರುವ ತನಕ ದೇವರ ವಿಷಯದಲ್ಲಿ ಒಪ್ಪಲಿಲ್ಲ. ವಾರಕ್ಕೊಮ್ಮೆ ಸೇರಿ, ಒಪ್ಪದೆ, ಬಹಳ ಸಂತೋಷದಿಂದ ಮನೆಗೆ ಹೋಗುತ್ತಿದ್ದರು. ಅವರು ಮೂವರೂ ಒಂದೇ ದನಿಯಲ್ಲಿ ಒಪ್ಪಿದ್ದು ಒಂದೇ ಸಂಗತಿ, ಇದೆಲ್ಲ ನಡೆದ ದಿನ ಯಾವುದು ಎಂಬುದು: ಚಿತ್ರಭಾನು ಸಂವತ್ಸರದ ಮಾಘ ಶುದ್ಧ ಪಂಚಮಿ, ಬುಧವಾರ.